ರಿಯಾಯಿತಿ ಕಳೆಯುವ ಮೊದಲೇ ತೆರಿಗೆಯೇ?

ಮಾನ್ಯ ಸಂಪಾದಕರೇ,

ಮಗಳ ಕುಬಸಕ್ಕೆಂದು (ಸೀಮಂತಕ್ಕೆ) ಬಾಗಲಕೋಟೆಯ ಅಂಗಡಿಯೊಂದರಲ್ಲಿ ಕೆಂಪು ಸೆರಗಿನ ಹಸಿರು ಇಳಕಲ್ ಸೀರೆ ಕೊಂಡೆ. ಬೆಲೆ 4,000 ರೂಪಾಯಿ, ತೆರಿಗೆ ಪ್ರತ್ಯೇಕ. ಬಾಗಿಲಲ್ಲಿ ‘ಶೇ 20 + ಶೇ 10 ರಿಯಾಯಿತಿ’ ಎಂಬ ಫಲಕ. ಅದನ್ನು ಶೇ 30 ಎಂದು ನಂಬಿದ್ದು ನನ್ನದೇ ತಪ್ಪು. ಎರಡನೆಯ ಹತ್ತು ಉಳಿದ 3,200ಕ್ಕೆ ಮಾತ್ರ, ಒಟ್ಟು ಶೇ 28. ಸರಿ, 2,880 ಆಯಿತು. ಆದರೆ ಶೇ 5ರ ಜಿಎಸ್‌ಟಿ ಹಾಕಿದ್ದು 4,000ದ ಮೇಲೆ! ಬಿಲ್ಲಿನಲ್ಲೇ ನಮೂದಾದ ರಿಯಾಯಿತಿ ಕಳೆದು ಉಳಿದ ಮೊತ್ತಕ್ಕಷ್ಟೇ ತೆರಿಗೆ ಎನ್ನುತ್ತದೆ ಜಿಎಸ್‌ಟಿ ಕಾಯ್ದೆಯ 15ನೇ ಸೆಕ್ಷನ್. 144ರ ಬದಲು 200 ತೆತ್ತೆ. ಕೇಳಿದರೆ, ‘ಕಂಪ್ಯೂಟರ್ ಹಾಗೆಯೇ ಲೆಕ್ಕ ಮಾಡುತ್ತದೆ’ ಎಂದರು. ಆ 56 ರೂಪಾಯಿಗೆ ಒಂದು ಡಜನ್ ಹಸಿರು ಬಳೆ ಬರುತ್ತಿದ್ದವು. ವಾಣಿಜ್ಯ ತೆರಿಗೆ ಅಧಿಕಾರಿಗಳು ಮದುವೆಯ ಹಂಗಾಮಿನಲ್ಲಾದರೂ ಇಂಥ ಬಿಲ್ಲುಗಳನ್ನು ತಪಾಸಣೆ ಮಾಡಲಿ.

– ಓದುಗಳೊಬ್ಬಳು, ನವನಗರ, ಬಾಗಲಕೋಟೆ