ಓಲೆ ಬಿಡಿಸಿಕೊಂಡು ಬಂದೆ

ತಾಯಿ,

ನಿನ್ನ ಉದ್ಯಾನ್ ಎಕ್ಸ್‌ಪ್ರೆಸ್ ಹೋದ ಮೇಲೂ ರಾಯಚೂರು ಸ್ಟೇಷನ್ನಿನಲ್ಲೇ ಕೂತಿದ್ದೆ. ಅಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೊನ್ನೆ ರಾತ್ರಿಯದನ್ನು ಮತ್ತೆ ತೆಗೆಯಲ್ಲ. ನೀನು ಓಲೆ ಗಿರವಿ ಇಟ್ಟು ಕ್ರಿಕೆಟ್ಟಿಗೆ ಸ್ಪೈಕ್ಸ್, ಆ ಮೊಳೆ ಬೂಟು, ತಂದಿದ್ದಕ್ಕೆ ಅಷ್ಟು ಕೂಗಾಡಬಾರದಿತ್ತು, ನನ್ನದೇ ತಪ್ಪು. ಆದರೆ ಸಿಟ್ಟು ಬಂದದ್ದು ಓಲೆಗಲ್ಲ. ನನ್ನನ್ನು ಕೇಳಲಿಲ್ಲವಲ್ಲ, ಅದಕ್ಕೆ.

1994ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯದ ಕ್ರಿಕೆಟ್ ಟೀಮಿನಲ್ಲಿ ಆಡಿದ್ದೆ ಅಂತ ಊರಿಗೆಲ್ಲ ಹೇಳಿದ್ದೇನೆ. ಹೇಗೆ ಔಟಾದೆ ಅಂತ ನಿಮ್ಮಮ್ಮನಿಗೂ ಹೇಳಿಲ್ಲ. ನಾವು ಆಡಿ ಬೆಳೆದದ್ದು ಎರೆ ನೆಲಕ್ಕೆ ಮೊಳೆ ಹೊಡೆದು ಬಿಗಿದ ನಾರಿನ ಮ್ಯಾಟಿನ ಮೇಲೆ, ಅದಕ್ಕೆ ಕ್ಯಾನ್ವಾಸ್ ಬೂಟು ಸಾಕು. ಅಂತರ್ ವಿಶ್ವವಿದ್ಯಾಲಯ ಪಂದ್ಯಕ್ಕೆ ಹೋದರೆ ಹುಲ್ಲು-ಮಣ್ಣಿನ ಟರ್ಫ್ ಪಿಚ್, ಇಬ್ಬನಿ ಇನ್ನೂ ಆರಿರಲಿಲ್ಲ. ಸ್ಪೈಕ್ಸ್ ಬೇಕು ಅಂತ ಮೊದಲೇ ಗೊತ್ತಿತ್ತು. ಆ ವರ್ಷ ಹತ್ತಿಗೆ ಹುಳ ಬಿದ್ದಿತ್ತು, ನಿಮ್ಮಜ್ಜನನ್ನು ಯಾವ ಬಾಯಲ್ಲಿ ಕೇಳಲಿ? ಗೆಳೆಯ ತನ್ನದು ಕೊಡ್ತೀನಿ ಅಂದ, ನಾಚಿಕೆಗೆ ಬೇಡ ಅಂದೆ. 11 ರನ್ ಆಗಿತ್ತು. ಎರಡನೇ ರನ್ನಿಗೆ ತಿರುಗಿದೆ, ಕಾಲು ಜಾರಿತು, ಬಿದ್ದಲ್ಲಿಂದಲೇ ಬ್ಯಾಟು ಚಾಚಿದೆ. ಗೆರೆ ಇನ್ನೂ ಒಂದು ಗೇಣು ದೂರ. ಈಗಲೂ ಶಾಲೆ ಬಯಲಲ್ಲಿ ಮಕ್ಕಳಿಗೆ ಸುಣ್ಣದ ಗೆರೆ ಎಳೆದು ಕೊಡುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ. ಎಷ್ಟೋ ವರ್ಷದ ಮೇಲೆ ಅಜ್ಜನಿಗೆ ಹೇಳಿದೆ. 'ಕೇಳಿದ್ರ ಏನರ ಮಾಡ್ತಿದ್ದೆನಲ್ಲೋ' ಅಂದರು. ಅವತ್ತು ನನಗೆ ಊಟ ಸೇರಲಿಲ್ಲ.

ಮೇಷ್ಟ್ರಾದದ್ದಕ್ಕೆ ನನಗೆ ಬೇಸರವಿಲ್ಲ. ಗಣಿತ ಅಂದರೆ ಅಳುತ್ತಿದ್ದ ಹುಡುಗಿಯರು ಇವತ್ತು ಬ್ಯಾಂಕಿನಲ್ಲಿ ಕೂತು ನಮಸ್ಕಾರ ಸಾರ್ ಅಂತಾರೆ, ಸಾಕು ನನಗೆ. ನಿನ್ನನ್ನೂ ಆ ಕೆಲಸಕ್ಕೇ ಎಳೆಯಲ್ಲ. ಆದರೂ ಬಿ.ಎಡ್ ಬಿಡಬೇಡ, ಒಂದು ವರ್ಷ ಮುಗಿದಿದೆ, ಇನ್ನೊಂದೇ ವರ್ಷ, ಪುಸ್ತಕ ಬ್ಯಾಗಿನ ತಳದಲ್ಲಿ ಇಟ್ಟಿದ್ದೇನೆ. ಭುಜ ನೋವಿದ್ದರೆ ಕೋಚ್‌ಗೆ ಹೇಳು, ಮುಚ್ಚಿಡಬೇಡ. ಮ್ಯಾಟಿನಲ್ಲಿ ನಿನ್ನ ಸ್ಪಿನ್ ಚೆಂಡು ತಾನೇ ತಿರುಗುತ್ತಿತ್ತು, ಟರ್ಫ್‌ನಲ್ಲಿ ನಿನ್ನ ಬೆರಳಿಗೆ ಕೆಲಸ ಜಾಸ್ತಿ. ಮೊದಲ ಓವರಿಗೆ ಹೊಡೆದರೂ ಚೆಂಡು ಮೇಲಕ್ಕೆ ಬಿಡೋದಕ್ಕೆ ಹೆದರಬೇಡ. ನೋಡು, ಮತ್ತೆ ಪಾಠಕ್ಕೆ ಇಳಿದೆ.

2025ರ ನವೆಂಬರ್ 2ರ ರಾತ್ರಿ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ನಮ್ಮ ಕ್ಯಾಪ್ಟನ್ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಕೊನೆಯ ಕ್ಯಾಚ್ ಹಿಡಿದಾಗ ನೀನು ಟಿವಿ ನೋಡ್ತಿದ್ದೆ, ನಾನು ನಿನ್ನ ಮುಖ ನೋಡ್ತಿದ್ದೆ. ಇವಳನ್ನು ಮನೆಯಲ್ಲಿ ಹಿಡಿದಿಡೋಕೆ ಆಗಲ್ಲ ಅಂತ ಅವತ್ತೇ ಅನಿಸಿತ್ತು. ಹೆಮ್ಮೆ ಆಯ್ತು. ಅದನ್ನೂ ಹೇಳಲಿಲ್ಲ.

ಇವತ್ತು ಓಲೆ ಬಿಡಿಸಿಕೊಂಡು ಬಂದೆ. ಅಮ್ಮನ ಬೀರುವಿನಲ್ಲಿದೆ. ಸ್ಪೈಕ್ಸ್ ಬೆರಳಿಗೆ ಬಿಗಿಯಾಗುತ್ತಾ? ಬಿಗಿಯಾದರೆ ಬೇರೆ ತಗೋ, ಎಷ್ಟು ಅಂತ ಕೇಳು, ಕಳಿಸುತ್ತೇನೆ.

ಅಪ್ಪ