ದೋಸ್ತ್, ನನ್ನ ಕ್ಲಾಸಿನವರಿಗೆ ಡೌಟೇ ಇಲ್ಲವಂತೆ

ದೋಸ್ತ್,

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾಲ್ಕು ಜನರ ಎದುರು ಬರೆದರೆ ನೀನು ಉತ್ತರ ಕೊಡಲೇಬೇಕಾಗುತ್ತೆ, ಅದಕ್ಕೇ ಇಲ್ಲಿ. ಓದುವ ಉಳಿದವರು 'ಪ್ಲಾಟ್‌ಫಾರ್ಮ್ ಪ್ರೊಫೆಸರ್' ಯಾರು ಅಂತ ಕೇಳಬೇಡಿ. ಹೇಳಲ್ಲ.

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಭಾನುವಾರ ಇಂಗ್ಲಿಷ್ ಹೇಳಿಕೊಡ್ತೀನಲ್ಲ, ಅದರ ಸುದ್ದಿ. ಆಳಂದ ಕಡೆಯ ಕೆಲವರ ಮನೆಯಲ್ಲಿ ಮರಾಠಿ, ಸೇಡಂ ಕಡೆಯವರಲ್ಲಿ ತೆಲುಗು, ದರ್ಗಾದ ಓಣಿಯವರದು ದಖ್ಖನಿ ಉರ್ದು, ಮಿಕ್ಕವರು ನಮ್ಮಂಥವರು. ಈ ನಾಲ್ಕರಲ್ಲಿ ಒಂದರಲ್ಲೂ ಇಂಗ್ಲಿಷಿನ 'ದಿ' ಥರದ್ದು ಇಲ್ಲ. ಅಂದ್ಮೇಲೆ ಅದನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಅನ್ನೋ ಗೊಂದಲ ಎಲ್ಲರಿಗೂ ಇರಲೇಬೇಕು, ಅಲ್ವಾ? "ಡೌಟ್ ಇದೆಯಾ?" ಅಂದರೆ ಮಾತ್ರ ಎಲ್ಲರೂ ಒಟ್ಟಿಗೆ "ಇಲ್ರೀ ಸರ್".

ಕೊನೆಗೆ ಒಂದು ಪದ್ಧತಿ ಮಾಡಿದೆ. ನಿಯಮ ಕೇಳಬೇಡಿ, ನಿಮಗೆ ಎಡವಟ್ಟಾದ ಇಡೀ ವಾಕ್ಯ ತನ್ನಿ. ನಕ್ಕವರು ಎಲ್ಲರಿಗೂ ಚಹಾ ಕುಡಿಸಬೇಕು.

ಒಬ್ಬ ಹುಡುಗ ತನ್ನ ಇಂಟರ್‌ವ್ಯೂ ತಂದ. "ಡೋಂಟ್ ಯು ನೋ ಎಕ್ಸೆಲ್?" ಅಂತ ಕೇಳಿದ್ದಾರೆ. ಅವನಿಗೆ ಬರುತ್ತೆ. "ಇಲ್ಲ ಸರ್, ಬರುತ್ತೆ" ಅನ್ನೋ ಲೆಕ್ಕದಲ್ಲಿ "ನೋ ಸರ್" ಅಂದು ಸುಮ್ಮನಾಗಿದ್ದಾನೆ. ಕನ್ನಡದಲ್ಲಿ ಅಂಥ ಕಡೆ ಹೌದು-ಇಲ್ಲ ಅನ್ನೋದು ಕೇಳಿದವರ ಮಾತು ಸರಿಯೋ ತಪ್ಪೋ ಅನ್ನೋದಕ್ಕೆ. ಇಂಗ್ಲಿಷಿನಲ್ಲಿ ನಿಜಸಂಗತಿಗೆ. ಬಂದರೆ ಯೆಸ್, ಬರದಿದ್ದರೆ ನೋ, ಪ್ರಶ್ನೆ ಹೇಗಾದರೂ ಇರಲಿ. ಪಾಪ, ಕೆಲಸ ಹೋಯ್ತು. ನಗು ಬಂತು, ಚಹಾ ನಾನೇ ಕುಡಿಸಿದೆ.

ಆಮೇಲೆ ಚಿತ್ತಾಪುರದ ಹುಡುಗಿಯೊಬ್ಬಳು ಎದ್ದಳು. "ನನಗೆ ಹಸಿವಾಗಿದೆ, ನನಗೆ ಜ್ವರ ಬಂದಿದೆ. ಕನ್ನಡದಾಗ ಎರಡೂ ಒಂದೇ ಥರ. ಇಂಗ್ಲಿಷಿನಾಗ ಯಾಕ್ರೀ ಸರ್ ಐ ಆ್ಯಮ್ ಹಂಗ್ರಿ, ಐ ಹ್ಯಾವ್ ಎ ಫೀವರ್?" ಹಂಗ್ರಿ ಗುಣವಾಚಕ, ಫೀವರ್ ನಾಮಪದ, ಅದಕ್ಕೆ ಒಂದಕ್ಕೆ ಆ್ಯಮ್, ಇನ್ನೊಂದಕ್ಕೆ ಹ್ಯಾವ್ ಅಂತ ಹೇಳಿದೆ. ಅದು ಸುಲಭ.

ಸುಲಭ ಅಲ್ಲದ್ದು ಬೇರೆ. ಅವಳು ಕೇಳಿದಾಗ ಖುಷಿ ಆಗಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಹೊಟ್ಟೆಕಿಚ್ಚು ಅಂತಲೇ ಅನ್ನು. ಪಿಯುಸಿಗೆ ಊರಿಂದ ಬಂದು ಕೊನೇ ಬೆಂಚಿನಲ್ಲಿ ಕೂತಾಗ ನಮಗೂ ಇಂಥವೇ ಇದ್ದವು. ಕಾನ್ವೆಂಟ್ ಹುಡುಗರು ನಗ್ತಾರೆ ಅಂತ ನುಂಗಿಕೊಂಡೆವು. ಇವಳು ಎದ್ದಳು, ಕೇಳಿದಳು, ಕೂತಳು. ಇಷ್ಟು ಸಲೀಸಾ?

ನೀನು ಪುಣೆಗೆ ಹೋಗಿ, ತಪ್ಪುತ್ತಾ ಒಪ್ಪುತ್ತಾ ಕಲಿತೆ. ನಾನು ಈಗಲೂ ಆಫೀಸಿನಲ್ಲಿ ಸಾಹೇಬರು ಜೋರಾಗಿ ಇಂಗ್ಲಿಷ್ ಬಿಟ್ಟರೆ ತಲೆಯಾಡಿಸಿ ಹೊರಗೆ ಬರ್ತೀನಿ. ಏನಂದರು ಅಂತ ಕೇಳಲ್ಲ. ಪಾಠ ಹೇಳೋದು ಸಮಾಜಸೇವೆ ಅಂತ ನಿನಗೆ ಹೇಳಿದ್ದೆನಲ್ಲ? ಕಲಿಸುವವನಿಗೆ ಕೈ ಎತ್ತೋ ಕೆಲಸ ಇರಲ್ಲ, ದೋಸ್ತ್. ಅದಕ್ಕೇ ಅಲ್ಲಿ ನಿಂತಿರೋದು.

ಇಷ್ಟು ಬರೆಯೋಕೆ ಕೂತಿರಲಿಲ್ಲ. ಸೆಕೆ ಜಾಸ್ತಿ, ಕರೆಂಟಿಲ್ಲ, ಅದರ ಪ್ರಭಾವ ಅಂದುಕೋ.

ಮುಂದಿನ ಸಲ ಬಂದಾಗ ಒಂದು ಭಾನುವಾರ ಕ್ಲಾಸಿಗೆ ಬಾ. ಹುಡುಗರಿಗೆ ನಿನ್ನನ್ನು ಪುಣೆಯ ದೊಡ್ಡ ಸಾಹೇಬ ಅಂತ ಪರಿಚಯಿಸ್ತೀನಿ, ಟೈ ಕಟ್ಟಿಕೊಂಡು ಬಾ. ಮತ್ತೆ ಈ ಪತ್ರದಲ್ಲಿ ಕನ್ನಡದ ತಪ್ಪು ಕಂಡರೆ ಕೆಳಗೆ ಎಲ್ಲರಿಗೂ ಕಾಣೋ ಹಾಗೆ ಬರೆಯಬೇಡ. ಮನೆಯವಳು ಓದ್ತಾಳೆ.

ನಿನ್ನ,
ಪ್ರೊಫೆಸರ್ (ಪ್ಲಾಟ್‌ಫಾರ್ಮ್ ನಂಬರ್ ಹೇಳಲ್ಲ)