ಮಕ್ಕಳ ಮನೋವೈದ್ಯಕ್ಕೆ ಶನಿವಾರ ಮಧ್ಯಾಹ್ನ ಬೇಕು

ಮಾನ್ಯ ಸಂಪಾದಕರೇ,

ಸರ್ಕಾರಿ ನೌಕರಿಯಲ್ಲಿದ್ದಷ್ಟು ದಿನ ಪತ್ರಿಕೆಗೆ ಹೀಗೆ ಬರೆಯಲು ನಡತೆ ನಿಯಮ ಅಡ್ಡವಿತ್ತು. ಕೊಪ್ಪಳ ಜಿಲ್ಲೆಯ ಮೆಟ್ರಿಕ್ ಪೂರ್ವ ಬಾಲಕಿಯರ ವಿದ್ಯಾರ್ಥಿನಿಲಯವೊಂದರ ನಿಲಯಪಾಲಕಿಯಾಗಿ ನಿವೃತ್ತಳಾದ ಮೇಲೆ ಆ ಭಯವಿಲ್ಲ. ಅಕ್ಕಿ, ಬೇಳೆ, ಹಾಸಿಗೆ, ಸೋಪಿನ ಕಿಟ್ಟುಗಳ ಲೆಕ್ಕ ಕೇಳಲು ನಮ್ಮಲ್ಲಿಗೆ ಬಹಳ ಮಂದಿ ಅಧಿಕಾರಿಗಳು ಬಂದು ಹೋದರು. ಮಕ್ಕಳು ರಾತ್ರಿ ನಿದ್ದೆ ಮಾಡುತ್ತಾರೆಯೇ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಮಾಡುವುದಿಲ್ಲ. ಅದರಲ್ಲೂ ದೀಪಾವಳಿ ಕಳೆದು ಅಪ್ಪ ಅಮ್ಮ ಮನೆಗೆ ಬೀಗ ಹಾಕಿ ಬೆಂಗಳೂರಿಗೆ ಗುಳೆ ಹೋದ ಮೇಲೆ. ಕಾರಣವಿಲ್ಲದ ಹೊಟ್ಟೆನೋವು, ಏಳನೇ ತರಗತಿಯ ಹುಡುಗಿ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಊಟ ಬಿಡುವುದು, ಬ್ಲೇಡಿನಿಂದ ಮುಂಗೈ ಗೀರಿಕೊಳ್ಳುವುದು ಎಲ್ಲ ಆಗ ಶುರು. ಒಂದು ವರ್ಷ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಸಂಜೆಯ ಪ್ರಾರ್ಥನೆಯ ಹೊತ್ತಿಗೆ ಕೈಕಾಲು ಸೆಟೆದು ಬೀಳತೊಡಗಿದಳು. ವಾರದೊಳಗೆ ಅವಳ ಕೋಣೆಯ ಇನ್ನಿಬ್ಬರೂ ಬೀಳತೊಡಗಿದರು. ಅಡುಗೆಯವರು ಗಾಳಿ ಸೋಕಿದೆ ಎಂದರು. ಅಜ್ಜಿ ಹುಲಿಗೆಮ್ಮನಿಗೆ ಹರಕೆ ಹೊತ್ತರು. ಶಿಕ್ಷಕರೊಬ್ಬರು ಪರೀಕ್ಷೆ ತಪ್ಪಿಸಿಕೊಳ್ಳುವ ನಾಟಕ ಎಂದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಯುವ ವೈದ್ಯೆ ಮಾತ್ರ, ಇದು ನಾಟಕವಲ್ಲ, ಬಾಯಲ್ಲಿ ಹೇಳಲಾಗದ ಸಂಕಟ ಮೈಯಲ್ಲಿ ಕಾಣಿಸಿಕೊಳ್ಳುತ್ತಿದೆ, ಮನೋವೈದ್ಯರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರು.

ನನ್ನ ತಕರಾರು ಇರುವುದು ಆ ಚೀಟಿ ಹಿಡಿದು ಹೋದ ಕಡೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವುದು ಮಂಗಳವಾರ, ಶಾಲೆಯ ಹೊತ್ತಿನಲ್ಲಿ. ಸಮವಸ್ತ್ರದಲ್ಲಿದ್ದ ಹುಡುಗಿಯನ್ನು ಕುಡಿತ ಬಿಡಿಸಲು ಕರೆತಂದ ಗಂಡಸರ ನಡುವೆ ಕೂರಿಸಿದೆ. ಹೆಸರನ್ನೂ ಊರನ್ನೂ ಎಲ್ಲರಿಗೂ ಕೇಳುವಂತೆ ಕೂಗಿದರು. ಅವಳ ಊರಿನವರೇ ಸಾಲಿನಲ್ಲಿದ್ದರು. ಸುದ್ದಿ ನಮಗಿಂತ ಮೊದಲು ಊರು ಮುಟ್ಟಿತು. ವೈದ್ಯರು ಒಳ್ಳೆಯವರು, ಆದರೆ ಹೊರಗಿನ ಸಾಲು ನೋಡಿಕೊಂಡು ಹದಿನಾಲ್ಕರ ಹುಡುಗಿಯನ್ನು ಮಾತನಾಡಿಸಲು ಯಾರಿಗೂ ಆಗುವುದಿಲ್ಲ. ಮಾತ್ರೆ ಬರೆದರು. ಮುಂದಿನ ಸರದಿಯ ದಿನ ಅವಳಿಗೆ ಪರೀಕ್ಷೆ. ಮತ್ತೆ ಬರುವುದಿಲ್ಲ ಎಂದಳು. ಆಸ್ಪತ್ರೆಯ ಹೆಸರು ಹೇಳುವುದಿಲ್ಲ; ದೋಷವಿರುವುದು ವೇಳಾಪಟ್ಟಿಯಲ್ಲಿ.

ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ತಲುಪಿಸಲು ನಿಮ್ಹಾನ್ಸ್ ನಡೆಸಿದ ಪ್ರಯೋಗವೇ ಇಡೀ ದೇಶಕ್ಕೆ ಮಾದರಿಯಾಗಿ, 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಮ್ಮ ಸೀಮೆಗೆ ಇದು ಹೊಸ ವಿಷಯವಲ್ಲ ಎನ್ನಲು ಹೇಳುತ್ತಿದ್ದೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮಕ್ಕಳ ಸೇವೆಯನ್ನು ಬೇರೆಯಾಗಿ ಹೆಸರಿಸಿ ಒದಗಿಸಬೇಕು ಎನ್ನುತ್ತದೆ. ಮಗುವನ್ನು ದಾಖಲಿಸಿಕೊಂಡರೆ ದೊಡ್ಡವರಿಂದ ಬೇರೆ ಇಡಬೇಕು, ಉದ್ದಕ್ಕೂ ಮನೆಯವರೋ ಸಹಾಯಕರೋ ಜೊತೆಗಿರಬೇಕು ಎಂದೂ ಹೇಳುತ್ತದೆ. ಒಳರೋಗಿಗೆ ಇಷ್ಟು ಕಾಳಜಿ ಇರುವಾಗ ಹೊರರೋಗಿಗಳ ಸಾಲಿನಲ್ಲಿ ನಿಂತ ಮಗುವಿಗೆ ಒಂದು ಪರದೆಯೂ ಬೇಡವೇ?

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಕಂಡುಬಂತು. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ನಮ್ಮದು ಇರಲಿಲ್ಲ, ಇರಲಿ. ಅದೇ ಲೆಕ್ಕ ಹಿಡಿದರೂ ನೂರು ಮಕ್ಕಳ ನಿಲಯದಲ್ಲಿ ಏಳು ಮಂದಿ. ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ನೀಡಿದ ಮಾರ್ಗಸೂಚಿ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ತರಬೇತಾದ ಆಪ್ತಸಮಾಲೋಚಕರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಇಟ್ಟುಕೊಳ್ಳಬೇಕು ಎನ್ನುತ್ತದೆ. ತಾಲ್ಲೂಕಿನಲ್ಲಿ ಯಾರೊಂದಿಗೆ ಸಂಪರ್ಕ? ಅದೇ ಮಂಗಳವಾರದ ಸಾಲಿನೊಂದಿಗೆ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮನಸ್ ಇದೆಯಲ್ಲ, 14416ಕ್ಕೆ ಕರೆ ಮಾಡಿ ಎನ್ನುವವರಿದ್ದಾರೆ. ಅದು ನಿಜಕ್ಕೂ ಉಪಕಾರಿ. ನಾನೂ ಮಾಡಿಸಿದ್ದೇನೆ, ಕನ್ನಡದಲ್ಲಿ ತಾಳ್ಮೆಯಿಂದ ಮಾತನಾಡಿದರು. ಆದರೆ ನಿಲಯದಲ್ಲಿ ಮಕ್ಕಳಿಗೆ ಮೊಬೈಲ್ ನಿಷಿದ್ಧ. ನನ್ನ ಫೋನನ್ನು ಹುಡುಗಿಯ ಕೈಗೆ ಕೊಟ್ಟು ಅಂಗಳದಾಚೆ ಹೋಗಿ ಕುಳಿತೆ. ಎಷ್ಟು ನಿಲಯಪಾಲಕರು ಹಾಗೆ ಮಾಡುತ್ತಾರೆ? ಕೊನೆಗೆ ಅವರೂ ಹತ್ತಿರದ ಮನೋವೈದ್ಯರನ್ನು ನೇರವಾಗಿ ಕಾಣಿ ಎಂದರು.

ಆದ್ದರಿಂದ ಕೇಳುತ್ತಿರುವುದು ಇಷ್ಟೇ: ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆಂದೇ ಎರಡು ಗಂಟೆ. ಶನಿವಾರ ಶಾಲೆ ಬೆಳಿಗ್ಗೆಯೇ ಮುಗಿಯುತ್ತದೆ, ಪಾಠ ತಪ್ಪುವುದಿಲ್ಲ, ನೆಪ ಹೇಳಿ ರಜೆ ಕೇಳಬೇಕಿಲ್ಲ. ಹದಿಹರೆಯದವರಿಗೆಂದು ಸ್ನೇಹ ಕ್ಲಿನಿಕ್ ಎಂಬ ಫಲಕ ಹೊತ್ತ ಕೋಣೆ ಇರುವ ಕಡೆ ಅಲ್ಲೇ ನಡೆಸಲಿ. ಆ ಫಲಕ ನೋಡಿ ಯಾರೂ ಹುಚ್ಚು ಎನ್ನುವುದಿಲ್ಲ. ಪ್ರತಿ ವಾರ ಮನೋವೈದ್ಯರೇ ಬರಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರ ಹುದ್ದೆಗಳಿವೆ. ನಾನು ಕಂಡ ಹೆಚ್ಚಿನ ಮಕ್ಕಳಿಗೆ ಬೇಕಿದ್ದದ್ದು ಮಾತ್ರೆಗಿಂತ ಮಾತು. ಹುದ್ದೆ ಖಾಲಿ ಬಿಟ್ಟು ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಮಕ್ಕಳಿಂದ ಜಾಥಾ ಮಾಡಿಸುವ ಉತ್ಸಾಹವನ್ನು ಸ್ವಲ್ಪ ಇತ್ತ ಹರಿಸಿದರೆ ಸಾಕು.

ಇನ್ನು ಸಣ್ಣ ತೊಡಕೊಂದಿದೆ. ಮಗುವನ್ನು ಆಸ್ಪತ್ರೆಗೆ ಕರೆದೊಯ್ದ ದಿನ ನಿಲಯಪಾಲಕಿ ನಿಲಯದಲ್ಲಿ ಇರಲಿಲ್ಲ ಎಂದು ನೋಟಿಸ್ ಬರುತ್ತದೆ, ನನಗೂ ಬಂದಿತ್ತು. ಆ ಹೊತ್ತನ್ನು ಕರ್ತವ್ಯವೆಂದೇ ಪರಿಗಣಿಸಲು ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಗಳು ಒಂದು ಸುತ್ತೋಲೆ ಹೊರಡಿಸಬೇಕು. ಶಕ್ತಿ ಯೋಜನೆಯಿಂದ ಹುಡುಗಿಯರಿಗೂ ನಿಲಯಪಾಲಕಿಗೂ ಬಸ್ಸಿನ ಖರ್ಚಿಲ್ಲ. ಬಾಲಕರ ನಿಲಯಗಳಿಗೆ ಟಿಕೆಟ್ ಹಣವನ್ನು ಯಾವ ಶೀರ್ಷಿಕೆಯಡಿ ಬರೆಯಬೇಕೆಂಬುದನ್ನೂ ಅದೇ ಸುತ್ತೋಲೆಯಲ್ಲಿ ತಿಳಿಸಿಬಿಡಲಿ.

— ನಿವೃತ್ತ ನಿಲಯಪಾಲಕಿ, ಕೊಪ್ಪಳ ಜಿಲ್ಲೆ